ದೀಪ ಹೊರುವ ಲಾರಿ

ಲಾರಿ ತಾನಾಗಿ ಓಡಿ ಮಠದ ಗೋಡೆಗೆ ಗುದ್ದಿತು.

ಮೊಳದುದ್ದದ ಆಟದ ಲಾರಿ. ಶಿಷ್ಯ ಗುರುಮಲ್ಲ ಓಡಿಹೋಗಿ ಅದನ್ನು ಎತ್ತಿಕೊಂಡ. ಬಂಪರು ಸೊಟ್ಟಗಾಗಿತ್ತು.

ಗುರುಗಳು ಜಗಲಿಯಿಂದಲೇ ಕೇಳಿದರು. “ಯಾವುದನ್ನ ಮೊದಲು ಆಫ್ ಮಾಡಿದೆ?”

“ರಿಮೋಟು, ಬುದ್ಧಿ.”

“ಲಾರಿಗೆ ಜೀವ ಇರುವಾಗ ಕೈ ಬಿಡ್ತಾರೇನೋ? ಮೊದಲು ಲಾರಿ. ಆಮೇಲೆ ರಿಮೋಟು.”

“ತಪ್ಪಾಯ್ತು, ಬುದ್ಧಿ.”

“ಗೋಡೆಗೆ ಹೇಳು.”

ಆ ಲಾರಿ ಹಿರಿಯ ಗುರುಗಳದು. ಸನ್ಯಾಸಕ್ಕೆ ಮುಂಚೆ ಅವರು ಲಾರಿ ಓಡಿಸಿದವರು. ಮುಪ್ಪಿನಲ್ಲಿ ಇದನ್ನು ಕೈಯಾರೆ ಕಟ್ಟಿದ್ದರು. ಅವರು ಐಕ್ಯರಾದ ಗದ್ದುಗೆ ನಾಲೆಯ ಆಚೆ ಇದೆ. ಆರಾಧನೆಯ ಸಂಜೆ ಈ ಲಾರಿ ದೀಪ ಹೊತ್ತು, ನಾಲೆಗೆ ಹಾಕಿದ ಹಲಗೆ ದಾಟಿ, ಗದ್ದುಗೆ ಮುಟ್ಟಬೇಕು. ಓಡಿಸುವವರು ಮಠದ ಗುರುಗಳೇ. ಅದು ಪದ್ಧತಿ.

ಲಾರಿ ಕೆಟ್ಟು ವರ್ಷಗಳಾಗಿದ್ದವು. ಗುರುಗಳು ದೀಪವನ್ನು ಕೈಯಲ್ಲೇ ಒಯ್ಯುತ್ತಿದ್ದರು. ಈ ಸಲ ಓಡಿಸಲೇಬೇಕೆಂದು ಗುರುಮಲ್ಲ ರಿಪೇರಿಗೆ ಕೂತಿದ್ದ. ತುಕ್ಕು ಉಜ್ಜಿದ್ದ. ಮೋಟಾರು ಬದಲಿಸಿದ್ದ. ಈಗ ಹಲಸಿನ ಹಲಗೆಯಲ್ಲಿ ಹೊಸ ಬಾಡಿ ಕಟ್ಟಿ ಅಂಚಿಗೆ ಹಳದಿ ಬಳಿದ. ಹಿಂದೆ, ಮೊದಲಿಲ್ಲದ ಒಂದು ಕೆಂಪು ದೀಪ ಕೂರಿಸಿದ.

“ಇದ್ಯಾಕೆ?” ಎಂದರು ಗುರುಗಳು.

“ಹಿಂದೆ ಬರೋರಿಗೆ ಕಾಣಲಿ ಅಂತ, ಬುದ್ಧಿ.”

“ಹಲಗೆ ಮೇಲೆ ಹಿಂದೆ ಯಾರು ಬರ್ತಾರೆ?”

ಗುರುಗಳು ರಿಮೋಟು ಹಿಡಿದರು. ಲಾರಿ ಹೊರಟಿತು. ಮುಂದಿನ ಚಕ್ರಗಳು ಅದುರುತ್ತಿದ್ದವು.

ಗುರುಮಲ್ಲ ಸ್ಟೇರಿಂಗು ಬಿಚ್ಚಿದ. ತಂತಿ ಬದಲಿಸಿದ. ಗುರುಗಳು ಓಡಿಸಿದರು. ಚಕ್ರ ಅದುರಿತು. ಮತ್ತೆ ಬಿಚ್ಚಿದ, ಮತ್ತೆ ಕೂಡಿಸಿದ. ಕೊನೆಗೆ ಒಬ್ಬನೇ ಇದ್ದಾಗ ತಾನೇ ಓಡಿಸಿ ನೋಡಿದ. ಲಾರಿ ನೂಲು ಹಿಡಿದಂತೆ ನೆಟ್ಟಗೆ ಹೋಯಿತು.

ಅವತ್ತು ಊಟಕ್ಕೆ ಕೂತಾಗ ಅವನು ಗುರುಗಳ ಹೆಬ್ಬೆರಳು ನೋಡಿದ. ಅದು ಲಾರಿಯ ಚಕ್ರದಂತೆಯೇ ಅದುರುತ್ತಿತ್ತು.

ಅಡುಗೆಯ ದೇವೀರಮ್ಮ ಎಲೆ ಎತ್ತುತ್ತ ಪಿಸುಗುಟ್ಟಿದಳು. “ಹೋದ ಆರಾಧನೇಲಿ ಎಣ್ಣೆ ತುಳುಕಿ ಬುದ್ಧಿಯವರ ಕಾವಿಯೆಲ್ಲ ನೆಂದಿತ್ತು. ಮಾರನೇ ದಿನವೇ ಊರ ಯಜಮಾನರು ಬಂದ್ರು, ಮುಂದಿನ ಗುರು ಯಾರು ಅಂತ. ಈ ಸಲ ಲಾರೀನೂ ಕುಣಿದ್ರೆ ಗಂಟುಮೂಟೆ ಕಟ್ಟಿಸಿಬಿಡ್ತಾರೆ ಕಣಪ್ಪ.”

ಗುರುಮಲ್ಲ ರಿಮೋಟು ಬಿಚ್ಚಿದ. ಹೆಬ್ಬೆರಳಿನಿಂದ ತಿರುಗಿಸುವ ಸ್ಟೇರಿಂಗಿನ ಕಡ್ಡಿಯ ಬುಡವನ್ನು ಅರದಿಂದ ಉಜ್ಜಿ ಸಡಿಲ ಮಾಡಿದ. ಬೆರಳಿನ ಸಣ್ಣ ಅಲುಗಾಟ ಅಲ್ಲೇ ಕಳೆದುಹೋಯಿತು.

ಗುರುಗಳು ಓಡಿಸಿದರು. ಚಕ್ರ ಅದುರಲಿಲ್ಲ. ಅವರು ಲಾರಿಯನ್ನು ನೋಡಿದರು. ಆಮೇಲೆ ಶಿಷ್ಯನನ್ನು ನೋಡಿದರು.

“ಏನು ಮಾಡಿದೆ?”

“ಒಂದು ತಂತಿ ಸಡಿಲ ಇತ್ತು, ಬುದ್ಧಿ.”

“ಹಾಗೋ.”

ಆರಾಧನೆಯ ಸಂಜೆ ನಾಲೆಯ ಎರಡೂ ದಡದಲ್ಲಿ ಜನ. ದೇವೀರಮ್ಮ ಬಾಡಿಯೊಳಗೆ ದೀಪ ಹಚ್ಚಿಟ್ಟಳು. ಲಾರಿ ಹಲಗೆ ಹತ್ತಿತು. ನೆಟ್ಟಗೆ ಹೋಯಿತು. ಯಜಮಾನರು ತಲೆದೂಗಿದರು. ಗುರುಮಲ್ಲ ಉಸಿರು ಬಿಟ್ಟ.

ನಡುವೆ ಹಲಗೆ ಒಂದು ಕಡೆ ವಾಲಿತ್ತು. ಲಾರಿ ಅಂಚಿಗೆ ಸರಿಯಿತು. ಗುರುಗಳು ಕಡ್ಡಿಯನ್ನು ಎಳ್ಳಷ್ಟು ತಿರುಗಿಸಿದರು. ಲಾರಿ ಕೇಳಲಿಲ್ಲ. ಇನ್ನೊಂದು ಎಳ್ಳಷ್ಟು. ಕೇಳಲಿಲ್ಲ. ಜೋರಾಗಿ ಒತ್ತಿದರು. ಲಾರಿ ತಟಕ್ಕನೆ ಅಡ್ಡ ತಿರುಗಿ, ಇನ್ನೊಂದು ಬದಿಯಿಂದ ನಾಲೆಗೆ ಬಿತ್ತು.

ಎಣ್ಣೆಯ ದೀಪ ಆಗಲೇ ಆರಿತು. ಕೆಂಪು ದೀಪ ನೀರೊಳಗೆ ಉರಿಯುತ್ತ, ಸೆಳವಿನ ಜೊತೆ ಸ್ವಲ್ಪ ದೂರ ಹೋಯಿತು. ಆಮೇಲೆ ಕಾಣಲಿಲ್ಲ.

ಯಾರೂ ನಗಲಿಲ್ಲ. ಯಜಮಾನರು ಹತ್ತಿರ ಬಂದು, “ನಾಳೆ ಕೂತು ಮಾತಾಡೋಣ, ಬುದ್ಧಿ,” ಎಂದರು. ಗುರುಗಳು ಆಗಲಿ ಎಂದರು. ಜನ ಚದುರಿದರು.

ಗುರುಮಲ್ಲ ಕಾಲು ಹಿಡಿದ. “ಕಡ್ಡಿಯ ಬುಡ ನಾನೇ ಉಜ್ಜಿದ್ದು, ಬುದ್ಧಿ. ಕೈ ನಡುಕ ಲಾರಿಗೆ ತಿಳೀದೇ ಇರಲಿ ಅಂತ.”

“ನಡುಕ ತಿಳೀಲಿಲ್ಲ. ಕೈಯೂ ತಿಳೀಲಿಲ್ಲ.”

“ಜನ ನೋಡ್ತಾರೆ ಅಂತ ಹೆದರಿದೆ.”

“ಈ ಕೈನ ನಾನು ದಿನಾ ನೋಡ್ತೀನಿ.”

ಕತ್ತಲಾಯಿತು. ಗುರುಗಳು ದಡದಲ್ಲೇ ಕೂತಿದ್ದರು. ಅವರ ಕೈಯಲ್ಲಿ ರಿಮೋಟಿನ ಸಣ್ಣ ದೀಪ ಇನ್ನೂ ಉರಿಯುತ್ತಿತ್ತು, ನಡುಗುತ್ತಿತ್ತು.

ಗುರುಮಲ್ಲ ಕೈ ಚಾಚಿದ. “ಕೊಡಿ, ಬುದ್ಧಿ. ಆಫ್ ಮಾಡ್ತೀನಿ.”

ಗುರುಗಳು ಕೊಡಲಿಲ್ಲ.

“ಮೊದಲು ಲಾರಿ,” ಎಂದರು.