ಎಕ್ಸ್‌ಟ್ರಾ ಚಟ್ನಿ

ತಿಪಟೂರಿನ ಹೋಟೆಲೊಂದರಲ್ಲಿ ಇಂದು ಬೆಳಿಗ್ಗೆ ಇಡ್ಲಿಯೂ ಚಟ್ನಿಯೂ ಸಂಬಂಧ ಕಡಿದುಕೊಂಡಿವೆ.

“ಬೋರ್ಡಿನಲ್ಲಿರುವುದು ನನ್ನ ಹೆಸರು. ನೀನು ಬರೀ ಎಕ್ಸ್‌ಟ್ರಾ. ಎಕ್ಸ್‌ಟ್ರಾ ಅಂದರೆ ಇಲ್ಲದಿದ್ದರೂ ನಡೆಯುತ್ತದೆ ಅಂತ,” ಎಂದು ಇಡ್ಲಿ ಉಬ್ಬಿತು.

“ಎಕ್ಸ್‌ಟ್ರಾ ಅಂದರೆ ಜನ ಮತ್ತೆ ಕೇಳಿ ಹಾಕಿಸಿಕೊಳ್ಳುವುದು, ಇಡ್ಲಿರಾಯರೇ. ನೀವೊಬ್ಬರೇ ಹೋಗಿಬನ್ನಿ,” ಎಂದ ಚಟ್ನಿ ಬಕೆಟ್ಟಿನಲ್ಲೇ ಉಳಿಯಿತು.

ಇಡ್ಲಿ ಒಂಟಿಯಾಗಿ ತಟ್ಟೆಯೇರಿ, ಮೊದಲ ಗಿರಾಕಿ ಪುಟ್ಟಮಾದಯ್ಯನವರ ಮುಂದೆ ಕೂತಿತು.

“ಬರೀ ಇಡ್ಲಿ ತಿನ್ನೋಕೆ ನನಗೇನು ಜ್ವರ ಬಂದಿದೆಯೇನಯ್ಯಾ?” ಎಂದು ಅವರು ತಟ್ಟೆ ತಳ್ಳಿ ಎದ್ದರು. ಹಿಂದೆ ಬಂದವರೂ ಹಾಗೇ ಎದ್ದುಹೋದರು.

“ನಾನಿನ್ನೂ ಬಿಸಿಯಾಗಿದ್ದೇನೆ,” ಎಂದಿತು ಇಡ್ಲಿ, ತಲೆ ತಗ್ಗಿಸದೆ.

ಸಂಜೆ ಇಡ್ಲಿಗಳನ್ನೆಲ್ಲ ಪುಡಿಮಾಡಿ, ಒಗ್ಗರಣೆ ಕೊಟ್ಟು ಉಪ್ಪಿಟ್ಟು ಮಾಡಲಾಯಿತು. ತಿಂದವರೆಲ್ಲ ಚಟ್ನಿಯನ್ನು ಎರಡೆರಡು ಸಲ ಹಾಕಿಸಿಕೊಂಡರು.