ಬೂಚ ಸಾರಿದ ಮಾತು

"ಕೇಳಿರಪ್ಪೋ ಕೇಳಿ! ಕೆಂಗೋಟೆಯ ಬೀರರಸರ ಅಪ್ಪಣೆ! ಕುಮಾರಿ ಚಾಗಲೆಯ ಮೂರು ಒಗಟು ಬಿಡಿಸಿದವನಿಗೆ ಆಕೆಯನ್ನು ಧಾರೆಯೆರೆದು ಅರ್ಧ ರಾಜ್ಯ ಕೊಡಲಾಗುವುದು. ತಪ್ಪಿದವನಿಗೆ ತಲೆದಂಡ!"

ಕೇರಿ ಕೇರಿಯಲ್ಲಿ ಡಂಗುರ ಹೊಡೆದು ಹೀಗೆ ಸಾರಿದವನು ಬೂಚ. ಅರಮನೆಯ ಮಾತನ್ನು ಸಾರುವುದು ಅವನ ಕಸುಬು; ನಿಜವೋ ಸುಳ್ಳೋ ಎಂದು ಕೇಳುವುದಲ್ಲ. ಹಾಗೆಂದುಕೊಂಡೇ ಹಿಂದಿನ ವರ್ಷ, "ವಿಮಲಸೇನ ಮಾಟಗಾರ, ಊರಿನ ಜ್ವರ ಅವನದೇ ಕೈವಾಡ" ಎಂದೂ ಸಾರಿದ್ದ.

ವಿಮಲಸೇನ ಚಾಗಲೆಯ ಗುರು. ವೈದ್ಯರಿಗೆ, ಜೋಯಿಸರಿಗೆ ತಮ್ಮ ವಿದ್ಯೆ ಸರಿಯೆಂದು ಯಾವುದರಿಂದ ಗೊತ್ತಾಯಿತು ಎಂದು ವಿಚಾರಿಸುವುದರಲ್ಲೇ ಆಯುಸ್ಸು ಸವೆಸಿದ ಮುದುಕ. ಜ್ವರ ಹಬ್ಬಿದಾಗ ಅರಸ ಆಸ್ಥಾನವೈದ್ಯನ ಕಷಾಯವನ್ನು ಹೊಗಳಿದ್ದ. ಮುದುಕ ಎದ್ದು, "ಪ್ರಭು, ಬದುಕಿದವರು ಕಷಾಯದಿಂದ ಬದುಕಿದರು, ಸತ್ತವರು ಹಣೆಬರಹದಿಂದ ಸತ್ತರು ಎನ್ನುತ್ತೀರಿ. ಹಾಗಾದರೆ ಏನು ನಡೆದರೆ ಕಷಾಯ ಕೆಲಸಕ್ಕೆ ಬಾರದ್ದೆಂದು ಒಪ್ಪುತ್ತೀರಿ?" ಎಂದ. ಅರಸನಿಗೆ ಮುಖಭಂಗವಾಯಿತು. ಡಂಗುರ ಹೊರಟಿತು. ಜನ ಮುದುಕನನ್ನು ಅವನ ಗುಡಿಸಲಲ್ಲೇ ಬಡಿದು ಕೊಂದರು.

ಈಗ ಅರಸನ ಮಗಳು ಚಾಗಲೆ ಗುರುವಿನ ವಿಚಾರಗಳನ್ನೇ ಒಗಟು ಮಾಡಿ, ಬಿಡಿಸಿದವನನ್ನಲ್ಲದೆ ಮದುವೆಯಾಗೆನೆಂದು ಹಟ ಹಿಡಿದಳು. ತಲೆದಂಡ ಸೇರಿಸಿದವನು ಅರಸ; ಹೆದರಿ ಯಾರೂ ಬಾರರೆಂದು ಅವನ ಎಣಿಕೆ. ಆದರೆ ಬಂದರು.

ಮೊದಲು ಬಂದ ರಾಜಕುಮಾರನನ್ನು ಚಾಗಲೆ ಕೇಳಿದಳು: "ಸಾವಿರ ಸಾಕ್ಷಿ ಬಂದು ಹೌದೆಂದರೂ ಅದು ಗಟ್ಟಿಯಾಗದು. ಒಂದೇ ಸಾಕ್ಷಿ ಅಲ್ಲವೆಂದರೆ ಬಿದ್ದುಹೋಗುತ್ತದೆ. ಯಾವುದದು?"

"ಗೆಳೆತನ" ಎಂದ. ತಲೆ ಹೋಯಿತು. "ಮಣ್ಣಿನ ಕೋಟೆ" ಎಂದ ದಂಡನಾಯಕನ ಮಗನದೂ ಹೋಯಿತು. ಹೂವಾಡಗಿತ್ತಿಯ ಒಬ್ಬನೇ ಮಗ ಮೊದಲನೆಯದನ್ನು ಬಿಡಿಸಿ ಎರಡನೆಯದರಲ್ಲಿ ಸೋತ.

ಅವನ ತಾಯಿ ಬೂಚನನ್ನು ತಡೆದು ನಿಲ್ಲಿಸಿದಳು. ಶಾಪ ಹಾಕಲಿಲ್ಲ. "ನಿನ್ನ ಬಾಯಿಂದ ಕೇಳಿಯೇ ಹೋದ ಕಣಪ್ಪಾ" ಎಂದಳು, ಅಷ್ಟೆ. ಬೂಚ ಡಂಗುರವನ್ನು ಮನೆಯಲ್ಲಿಟ್ಟ. ನೇರ ಅರಮನೆಗೆ ನಡೆದ.

"ಏನೋ, ಸಾರುವುದಕ್ಕೇನಾದರೂ ಬೇಕಿತ್ತೇ?" ಅರಸ ನಕ್ಕ.

"ಇಲ್ಲ ಬುದ್ಧಿ, ಉತ್ತರ ಹೇಳೋಕೆ ಬಂದೆ."

ಚಾಗಲೆ ಮೊದಲ ಒಗಟು ಹೇಳಿದಳು.

"'ಎಲ್ಲ' ಅನ್ನೋ ಮಾತು ತಾಯಿ. ಕಷಾಯ ಕುಡಿದವರೆಲ್ಲ ಬದುಕುತ್ತಾರೆ ಅಂತ ಊರೇ ಹೇಳಿತು. ಕುಡಿದೂ ಸತ್ತ ನನ್ನ ತಂಗಿ ಒಬ್ಬಳು ಸಾಕು, ಆ ಮಾತು ಬೀಳೋಕೆ. ಅವಳನ್ನು ಮಣ್ಣು ಮಾಡಿದ ಕೈಯಲ್ಲೇ ನಾನು ಡಂಗುರ ಹೊಡೆದೆ."

ಚಾಗಲೆ ಎರಡನೆಯದನ್ನು ಹೇಳಿದಳು: "ಅದಿಲ್ಲದಿದ್ದರೆ ಕಣ್ಣಿದ್ದೂ ಏನೂ ತಿಳಿಯದು. ಅದೇ ಅಡ್ಡ ನಿಂತರೆ ಎದುರಿಗಿದ್ದದ್ದೂ ಕಾಣದು. ಯಾವುದದು?"

"ನೋಡೋ ಮೊದಲೇ ಮನಸ್ಸಲ್ಲಿ ಕೂತ ನಂಬಿಕೆ. ಸೊಪ್ಪಿನ ಗುರುತು ಗೊತ್ತಿಲ್ಲದವನಿಗೆ ಕಾಡೆಲ್ಲ ಬರೀ ಹಸಿರು. ಆದರೆ ನಾನು ಮಾಟಗಾರ ಅಂತ ಸಾರಿದ ಮೇಲೆ, ಗುರುಗಳು ರೋಗಿಗೆ ನೀರು ಕುಡಿಸಿದರೂ ಜನಕ್ಕೆ ಮಾಟವೇ ಕಂಡಿತು."

ಚಾಗಲೆ ಮೂರನೆಯದನ್ನು ಕೇಳಿದಳು: "ಮುಚ್ಚಿಟ್ಟಷ್ಟೂ ಬೆಳೆಯುತ್ತದೆ. ಬಯಲಿಗೆ ತಂದರೆ ಅದೇ ಗುರುವಾಗುತ್ತದೆ. ಯಾವುದು?"

"ತಪ್ಪು."

"ಯಾರದು?"

"ಸಾರಿದ್ದು ನಾನು ತಾಯಿ. ಸಾರಿಸಿದ್ದು..." ಬೂಚ ತಲೆಯೆತ್ತಿ ಅರಸನನ್ನು ನೋಡಿದ. ತಲೆ ತೆಗೆಯಲು ಕತ್ತಿ ಹಿಡಿದು ನಿಂತಿದ್ದ ಕಟುಕನೂ ಅರಸನನ್ನೇ ನೋಡಿದ.

"ಮೂರೂ ಸರಿ, ಅಪ್ಪಾಜಿ" ಎಂದಳು ಮಗಳು.

ಅರಸ ಸಿಂಹಾಸನದಿಂದ ಎದ್ದು, "ಸಾರಿಸಿದವನು ನಾನು" ಎಂದ.

ಹಾರ ಬಂತು. ಬೂಚ ಹಿಂದೆ ಸರಿದ. "ನನಗೆ ಹಸೆಮಣೆಯೂ ಬೇಡ, ಅರ್ಧ ರಾಜ್ಯವೂ ಬೇಡ ಬುದ್ಧಿ. ತಲೆದಂಡ ನಿಲ್ಲಲಿ. ಗುರುಗಳ ಮೇಲೆ ಹೊರಿಸಿದ್ದು ಸುಳ್ಳು ಅಂತ ನಾನೇ ಸಾರಬೇಕು."

ಅರಸ ಎರಡಕ್ಕೂ ಒಪ್ಪಿದ. ಬೂಚ ಬಿಟ್ಟ ಅರ್ಧ ರಾಜ್ಯ ಚಾಗಲೆಗೆ ಬಂತು. ಅವಳು ಗುರುವಿನ ಗುಡಿಸಲಿದ್ದಲ್ಲೇ ಪಾಠಶಾಲೆ ಕಟ್ಟಿಸಿದಳು.

ಮರುದಿನ ಬೂಚ ಕೇರಿ ಕೇರಿಯಲ್ಲಿ ಸಾರಿದ. ಹೂವಾಡಗಿತ್ತಿಯ ಮನೆಯೆದುರು ಬಂದಾಗ ಡಂಗುರ ಕೆಳಗಿಳಿಸಿ ನಿಂತ. ಆಕೆ ಹೊಸಿಲಿಗೆ ಬಂದು, "ಹೇಳು, ಕೇಳ್ತೀನಿ" ಎಂದಳು. ಹೇಳಿದ. ಆಕೆ ಪೂರ್ತಿ ಕೇಳಿಸಿಕೊಂಡು ಒಳಗೆ ಹೋದಳು. ಬೂಚ ಮುಂದಿನ ಕೇರಿಗೆ ನಡೆದ.