ಗೋಪಾಲನಿಗೆ ಬಾಯಾರಿತು

ಹುಳಿಗೆ ಉಪ್ಪು ಹೆಚ್ಚಾದರೆ ದೇವರು ಯಾರಿಗೆ ಹೇಳುತ್ತಾನೆ?

ತಲೆ ಕೆರೆದುಕೊಳ್ಳಬೇಡಿ, ಬರುವುದಿಲ್ಲ. ರಂಗಧಾಮನಿಗೂ ಬರಲಿಲ್ಲ. ಅವನಿಗೆ ಈ ಒಗಟು ಹಾಕಿದವರು ಅವನ ಗುರುಗಳು, ತಿರುಮಲಯ್ಯನವರು.

ಹೊಳೆಯ ದಡದಲ್ಲಿ ಅವರದೊಂದು ಆಶ್ರಮ. ಒಂದು ಜಗಲಿ, ಒಂದು ಅಡುಗೆಮನೆ, ಗರ್ಭಗುಡಿಯೊಳಗೆ ಗೇಣುದ್ದದ ಕಲ್ಲಿನ ಗೋಪಾಲ. ರಂಗಧಾಮ ಅಲ್ಲಿಗೆ ಬಂದದ್ದು ಮಂತ್ರೋಪದೇಶಕ್ಕೆ. ಕೈಗೆ ಸಿಕ್ಕಿದ್ದು ಸೌಟು.

“ಗುರುಗಳೇ, ಮಂತ್ರ ಯಾವಾಗ ಕೊಡ್ತೀರಿ?” ಅಂತ ಆ ಸೌಟು ಹಿಡಿದುಕೊಂಡೇ ಕೇಳಿದ.

“ಒಗಟು ಬಿಡಿಸು. ಮಾರನೇ ದಿನವೇ ಕೊಡ್ತೀನಿ.”

“ಅರ್ಚಕರಿಗೆ ಹೇಳ್ತಾನೆ.”

“ಇಲ್ಲಿ ಅರ್ಚಕ ನಾನೇ. ನನಗೆ ಇವತ್ತಿನವರೆಗೆ ಹೇಳಿಲ್ಲ.”

“ನಿಮ್ಮ ಕನಸಿನಲ್ಲಿ ಬಂದು?”

“ನನಗೆ ಗಡದ್ದಾಗಿ ನಿದ್ದೆ ಬರುತ್ತೆ. ಕನಸೇ ಬೀಳಲ್ಲ.”

“ಹಾಗಾದರೆ ಯಾರಿಗೂ ಹೇಳಲ್ಲ. ಕಲ್ಲಿಗೆ ಉಪ್ಪೇನು, ಸಪ್ಪೆಯೇನು?”

ಪಕ್ಕದಲ್ಲಿ ತುಳಸಿ ಬಿಡಿಸುತ್ತಿದ್ದ ಹಿರಿಯ ಶಿಷ್ಯ ಪದ್ಮನಾಭ ಎರಡೂ ಕಿವಿ ಮುಚ್ಚಿಕೊಂಡ. “ಕೃಷ್ಣ ಕೃಷ್ಣಾ!”

ಗುರುಗಳು ಮಾತ್ರ ನಕ್ಕರು. “ಹೋಗೋ, ಒಲೆ ಆರುತ್ತೆ.”

ಆ ಅಡುಗೆಮನೆಗೆ ಒಂದು ಕಟ್ಟಳೆ ಇತ್ತು. ನೈವೇದ್ಯ ಆಗುವವರೆಗೆ ಅಡುಗೆಯ ರುಚಿ ನೋಡುವ ಹಾಗಿಲ್ಲ. ವಾಸನೆ ಕೂಡ ದೇವರಿಗಿಂತ ಮೊದಲು ಮೂಸಕೂಡದು. ಅದಕ್ಕೇ ಅಡುಗೆಯವನು ಬಾಯಿ, ಮೂಗು ಸೇರಿಸಿ ಒಂದು ಬಟ್ಟೆ ಕಟ್ಟಿಕೊಳ್ಳಬೇಕು.

“ಪದ್ಮನಾಭಣ್ಣ, ನನ್ನನ್ನ ನೋಡಿದರೆ ಅಡುಗೆಯವನ ಥರ ಕಾಣ್ತೀನೋ, ದರೋಡೆಕೋರನ ಥರ ಕಾಣ್ತೀನೋ?”

“ಬಾಯಿ ಕಟ್ಟಿದರೂ ನಿನ್ನ ಬಾಯಿ ನಿಲ್ಲಲ್ಲವಲ್ಲೋ!”

ಆವತ್ತು ಕುಂಬಳಕಾಯಿ ಹುಳಿ. ರಂಗಧಾಮ ಬೇಳೆ ಕಡೆಯುತ್ತಾ ಒಗಟನ್ನೇ ಯೋಚಿಸುತ್ತಿದ್ದ. ಹುಣಸೆರಸ ಹಾಕುವಾಗಲೂ ಒಗಟು. ಉಪ್ಪಿನ ಮರಿಗೆಗೆ ಕೈ ಹಾಕಿದಾಗಲೂ ಒಗಟು.

ಆಮೇಲೆ ಗಕ್ಕನೆ ನಿಂತ.

ಉಪ್ಪು ಹಾಕಿದೆನೋ, ಇಲ್ಲವೋ?

ಹಾಕಿದ ನೆನಪೂ ಇಲ್ಲ, ಹಾಕದ ನೆನಪೂ ಇಲ್ಲ. ನೆಕ್ಕಿ ನೋಡೋಣವೆಂದರೆ ಕಟ್ಟಳೆ ಅಡ್ಡ.

“ಉಪ್ಪು ಬಿದ್ದಿದೆಯೋ ಇಲ್ಲವೋ ಆ ಗೋಪಾಲನೇ ಬಲ್ಲ!” ಅಂತ ಗಟ್ಟಿಯಾಗಿ ಗೊಣಗಿಕೊಂಡು ಬಾಳೆಎಲೆ ತರಲು ಹಿತ್ತಲಿಗೆ ಹೋದ.

ಅದು ಪದ್ಮನಾಭನ ಕಿವಿಗೆ ಬಿತ್ತು. ದೇವರಿಗೆ ಸಪ್ಪೆ ಹುಳಿಯೇ? ಪಾಪ, ಒಳ್ಳೆಯ ಮನಸ್ಸು. ಬಂದವನೇ ಒಂದು ಹಿಡಿ ಉಪ್ಪು ಹಾಕಿ ಹೋದ.

ರಂಗಧಾಮ ಎಲೆ ಹಿಡಿದು ಬಂದ. ಹೆದರಿಕೆ ಹೋಗಿರಲಿಲ್ಲ. ಅವನೂ ಒಂದು ಹಿಡಿ ಹಾಕಿದ.

ಅಸಲಿಗೆ ಮೊದಲನೇ ಹಿಡಿಯನ್ನು ಅವನು ಆಗಲೇ ಹಾಕಿಯಾಗಿತ್ತು.

ನೈವೇದ್ಯವಾಯಿತು, ಮಂಗಳಾರತಿಯಾಯಿತು. ಗರ್ಭಗುಡಿಯ ಬಾಗಿಲು ಮುಚ್ಚಿದರು. ಮಧ್ಯಾಹ್ನ ಗೋಪಾಲ ಮಲಗುವ ಹೊತ್ತು. ಸಂಜೆ ದೀಪ ಹಚ್ಚುವವರೆಗೆ ಆ ಬಾಗಿಲು ಯಾರೂ ತೆಗೆಯುವಂತಿಲ್ಲ.

ಜಗಲಿಯ ಮೇಲೆ ಪಂಕ್ತಿ ಕೂತಿತು. ಗುರುಗಳು, ಪದ್ಮನಾಭ, ಹೊಳೆ ದಾಟಲು ಬಂದಿದ್ದ ನಾಲ್ಕಾರು ಯಾತ್ರಿಕರು. ರಂಗಧಾಮ ಬಡಿಸಿದ.

ಮೊದಲ ತುತ್ತಿಗೇ ಒಬ್ಬ ಯಾತ್ರಿಕನ ಕಣ್ಣು ಮೇಲಕ್ಕೆ ಹೋಯಿತು. ಇನ್ನೊಬ್ಬ ಕೆಮ್ಮಿದ. ಆದರೆ ಪ್ರಸಾದಕ್ಕೆ ಹೆಸರಿಡುವುದುಂಟೇ?

“ಅಮೃತ!” ಅಂದ ಒಬ್ಬ, ಚೊಂಬಿಗೆ ಕೈ ಹಾಕುತ್ತಾ.

“ಸಾಕ್ಷಾತ್ ಅಮೃತ. ನೀರು ಈ ಕಡೆ ಕೊಡಿ,” ಅಂದ ಪಕ್ಕದವನು.

ತಿರುಮಲಯ್ಯನವರು ಸುಮ್ಮನೆ ಉಂಡರು. ಎಲೆ ಖಾಲಿ ಮಾಡಿ, “ಹುಳಿ ಇನ್ನೊಂದು ಸೌಟು ಹಾಕೋ,” ಅಂದರು.

ರಂಗಧಾಮನ ಎದೆ ಉಬ್ಬಿತು. ಗುರುಗಳು ಎರಡನೇ ಸಲ ಕೇಳಿದರು ಅಂದರೆ! ಮಂತ್ರ ಇನ್ನೇನು ಕಿವಿಗೆ ಬಿದ್ದ ಹಾಗೆಯೇ ಅಂದುಕೊಂಡ.

ಎಲ್ಲರೂ ಎದ್ದ ಮೇಲೆ ತಾನು ಉಣ್ಣಲು ಕೂತ. ಒಂದು ತುತ್ತು ಬಾಯಿಗಿಟ್ಟ.

ಅಯ್ಯೋ ದೇವರೇ. ಇದು ಹುಳಿಯೋ, ಸಮುದ್ರವೋ?

ಎಲೆಯ ಮುಂದೆ ಹಾಗೇ ಕಲ್ಲಾದ. ಮಂತ್ರ ಹೋಯಿತು, ಮೊದಲು ಹೊಳೆದದ್ದು ಅದೇ. ಯಾತ್ರಿಕರು ಊರೂರಿಗೂ ಹೇಳಿಕೊಂಡು ನಗುತ್ತಾರೆ, ಎರಡನೆಯದು ಅದು.

ಮೂರನೆಯದು ಹೊಳೆದಾಗ ಎಲೆ ಬಿಟ್ಟು ಎದ್ದೇಬಿಟ್ಟ.

ಈ ಹುಳಿಯನ್ನು ಎಲ್ಲರಿಗಿಂತ ಮುಂಚೆ ಉಂಡವನು ಯಾರು?

ಪಂಕ್ತಿಯವರೆಲ್ಲ ಚೊಂಬುಗಟ್ಟಲೆ ನೀರು ಕುಡಿದರು. ಅವನಿಗೆ ಇಟ್ಟದ್ದು ಒಂದು ಉದ್ಧರಣೆ ನೀರು, ಚಮಚದಷ್ಟು. ಅಷ್ಟು ಉಪ್ಪಿಗೆ ಅದು ಎಲ್ಲಿ ಸಾಕು? ಮೇಲಿಂದ ಬಾಗಿಲು ಬೇರೆ ಹಾಕಿಬಿಟ್ಟೆವು. ಸಂಜೆಯವರೆಗೆ ಹಾಗೇ ಇರಬೇಕಾ ಪಾಪ, ನಾಲಿಗೆ ಒಣಗಿಸಿಕೊಂಡು?

ಕೈ ತೊಳೆದು ಚೊಂಬು ಹಿಡಿದು ಓಡಿದ. ಬಿಸಿಲಿಗೆ ಹೊಳೆಯ ಮರಳು ಕಾದು ಕೆಂಡವಾಗಿತ್ತು. ಕುಪ್ಪಳಿಸಿಕೊಂಡೇ ಹೋಗಿ ಮುಳುಗು ಹಾಕಿ, ಚೊಂಬು ತುಂಬಿಕೊಂಡು, ಕುಪ್ಪಳಿಸಿಕೊಂಡೇ ಬಂದ. ಒಂದು ಅಚ್ಚು ಬೆಲ್ಲ ಕದಡಿದ. ಗರ್ಭಗುಡಿಯ ಅಗಣಿ ತೆಗೆದ.

“ಕುಡಿಯಪ್ಪಾ. ತಪ್ಪಾಯ್ತು. ಮೆಲ್ಲಗೆ ಕುಡಿ, ನೆತ್ತಿಗೆ ಹತ್ತೀತು.”

ಹಿಂದಿನಿಂದ ಪದ್ಮನಾಭನ ಕೂಗು. “ಗುರುಗಳೇ! ಬನ್ನಿ ಇಲ್ಲಿ! ದೇವರು ಮಲಗಿರೋ ಹೊತ್ತಲ್ಲಿ ಇವನು ಬಾಗಿಲು ತೆಗೆದಿದ್ದಾನೆ!”

ಗುರುಗಳು ಬಂದರು. ಒದ್ದೆ ಪಂಚೆ, ಬೆಲ್ಲದ ಕೈ, ಚೊಂಬು, ಎಲ್ಲ ನೋಡಿದರು.

“ಏನೋ ಇದು?”

“ಹುಳಿಗೆ ಉಪ್ಪು ಸುರಿದುಬಿಟ್ಟಿದ್ದೀನಿ ಗುರುಗಳೇ.”

“ಗೊತ್ತು. ಉಂಡಿದ್ದೀನಿ.”

“ನಾನೂ ಒಂದು ಹಿಡಿ ಹಾಕಿದ್ದೆ,” ಅಂದ ಪದ್ಮನಾಭ, ಸಣ್ಣ ದನಿಯಲ್ಲಿ.

ರಂಗಧಾಮ ತಿರುಗಿ ನೋಡಿದ. “ಹಾಗಾದರೆ ಮೂರು ಹಿಡಿ! ಪದ್ಮನಾಭಣ್ಣ, ಉಪ್ಪಿನಕಾಯಿ ಮಾಡಿದ್ವಲ್ಲಾ ದೇವರನ್ನ!”

“ಬಾಗಿಲು ಯಾಕೆ ತೆಗೆದೆ, ಅದು ಹೇಳು,” ಅಂದರು ಗುರುಗಳು.

“ಅವನಿಗೆ ಬಾಯಾರಿತ್ತು.”

“ಯಾರಿಗೆ? ಆ ಕಲ್ಲಿಗೆ?”

ರಂಗಧಾಮ ಗೋಪಾಲನ ಕಡೆ ನೋಡಿದ. ತಲೆ ಕೆಳಗೆ ಹಾಕಿದ.

“ಕಟ್ಟಳೆ ಮುರಿದರೆ ಮಂತ್ರ ಕೊಡಲ್ಲ ಅಂತ ಗೊತ್ತಿತ್ತು ತಾನೆ?”

“ಗೊತ್ತಿತ್ತು. ಬೇಕಾದರೆ ಈಗಲೇ ಕಳಿಸಿಬಿಡಿ, ಹೋಗ್ತೀನಿ. ಚೊಂಬು ಮಾತ್ರ ಇಲ್ಲೇ ಇರಲಿ.”

“ಬಾಯಾರಿದೆ ಅಂತ ನಿನಗೆ ಹೇಳಿದವರು ಯಾರು?”

ರಂಗಧಾಮ ಬೆಲ್ಲದ ಕೈಯನ್ನು ಪಂಚೆಗೆ ಒರೆಸಿಕೊಂಡ.

“ನಾಳೆ ಬೆಳಿಗ್ಗೆ ಮಿಂದು, ಮಡಿ ಉಟ್ಟು ಬಾ,” ಅಂದರು ತಿರುಮಲಯ್ಯನವರು.

“ಯಾಕೆ ಗುರುಗಳೇ?”

“ಒಗಟು ಬಿಡಿಸಿದೆಯಲ್ಲ.”

ಬಾಗಿಲು ಮತ್ತೆ ಮುಚ್ಚಿತು. ಚೊಂಬು ಒಳಗೇ ಉಳಿಯಿತು. ಶಿಷ್ಯರಿಬ್ಬರನ್ನೂ ಗುರುಗಳು ಪಾತ್ರೆ ತೊಳೆಯಲು ಹೊಳೆಗೆ ಅಟ್ಟಿದರು.

ಸಂಜೆ ದೀಪ ಹಚ್ಚಲು ಬಾಗಿಲು ತೆಗೆದರೆ ಚೊಂಬು ಬರಿದು. ತಳದಲ್ಲಿ ಬೆಲ್ಲದ ಗಸಿ ಕೂಡ ಇಲ್ಲ.

ಪದ್ಮನಾಭ ದಡಕ್ಕನೆ ಅಡ್ಡಬಿದ್ದ. “ಕುಡಿದಿದ್ದಾನೆ! ಗೋಪಾಲ ಕುಡಿದಿದ್ದಾನೆ!”

“ಕುಡಿಯದೆ ಏನು? ಬೆಲ್ಲ ಕಂಡರೆ ಬಿಡೋ ಪೈಕಿಯಾ ಅವನು?” ಅಂದರು ಗುರುಗಳು, ಬತ್ತಿ ಮುಂದಕ್ಕೆ ಸರಿಸುತ್ತಾ.

ಪದ್ಮನಾಭ ಕಣ್ಣೊರೆಸಿಕೊಳ್ಳುತ್ತಾ, ಇನ್ನೂ ದೋಣಿ ಕಾಯುತ್ತಿದ್ದ ಯಾತ್ರಿಕರಿಗೆ ಸುದ್ದಿ ಮುಟ್ಟಿಸಲು ದಡದ ಕಡೆ ಓಡಿದ.

ರಂಗಧಾಮ ಮಾತ್ರ ಅಲ್ಲೇ ನಿಂತಿದ್ದ. ಬರಿದಾದ ಚೊಂಬನ್ನು ಎತ್ತಿ ನೋಡಿದ, ಬೋರಲು ಹಾಕಿ ನೋಡಿದ, ಆಮೇಲೆ ಗುರುಗಳ ಮುಖ ನೋಡಿದ.

“ನಿಜ ಹೇಳಿ ಗುರುಗಳೇ. ಕುಡಿದವನು ಅವನೇನಾ?”

ತಿರುಮಲಯ್ಯನವರು ಬಾಗಿಲ ಕಡೆ ಒಮ್ಮೆ ಕಣ್ಣು ಹಾಯಿಸಿದರು. ಪದ್ಮನಾಭ ದೂರ ಹೋಗಿದ್ದ.

“ನೀನು ನೀರು ತಂದದ್ದು ನಿಜ, ಚೊಂಬು ಬರಿದಾದದ್ದೂ ನಿಜ. ಗೋಪಾಲ ಕುಡಿದ ಅನ್ನೋ ಕೊನೆ ಮಾತ್ರ ನಾನು ಕಟ್ಟಿದ್ದು ಕಣೋ. ಎರಡು ಸಲ ಹುಳಿ ಹಾಕಿಸಿಕೊಂಡವನಿಗೂ ಬಾಯಾರಲ್ವಾ?”